ಮಣ್ಣು ಒಣಗುವ ತಿಂಗಳಲ್ಲಿ ಬನ್ನಿ

ಮೇ ತಿಂಗಳ ಕೊನೆಗೆ ಊರಿಗೆ ಬರುತ್ತೇವೆ, ಮಕ್ಕಳಿಗೆ ಹಂಚಿನ ಕಾರ್ಖಾನೆ, ಕುಂಬಾರರ ಚಕ್ರ ಎಲ್ಲ ತೋರಿಸಬೇಕು, ಎಲ್ಲಿಗೆ ಹೋಗುವುದು ಎಂದು ಬೆಂಗಳೂರು, ಮುಂಬಯಿಯಲ್ಲಿರುವ ನೆಂಟರ ಮಕ್ಕಳು ಫೋನಿನಲ್ಲಿ ಕೇಳುವುದುಂಟು. ಎಲ್ಲಿಗೆ ಎಂಬುದು ಎರಡನೆಯ ಮಾತು ಮಾರಾಯ್ರೆ. ಮೇ ಕೊನೆಗೆ ಬಂದರೆ ಬಂಟ್ವಾಳದಲ್ಲಾಗಲಿ ಬೆಳ್ತಂಗಡಿಯಲ್ಲಾಗಲಿ ನಿಮಗೆ ಕಾಣುವುದು ಟರ್ಪಾಲು ಹೊದ್ದ ಮಣ್ಣಿನ ರಾಶಿ, ಪಡುವಣ ಮೋಡ ನೋಡುತ್ತ ಜಗಲಿಯಲ್ಲಿ ಕೂತ ಕುಂಬಾರ, ಇಷ್ಟೇ. ಬರುವುದಾದರೆ ಜನವರಿಯಿಂದ ಏಪ್ರಿಲ್ ಒಳಗೆ ಬನ್ನಿ. ಶಾಲೆಗೆ ಎರಡು ದಿನ ರಜೆ ಹಾಕಿಸಿದರೂ ಅಡ್ಡಿಯಿಲ್ಲ.

ಕಾರಣ ಹೇಳುತ್ತೇನೆ. ನಮ್ಮ ಕಡೆ ಆವೆಮಣ್ಣು ಸಿಗುವುದು ಗುಡ್ಡದ ಮೇಲಲ್ಲ, ತಗ್ಗಿನ ಗದ್ದೆಗಳಲ್ಲಿ, ಹೊಳೆಬದಿಯಲ್ಲಿ. ಗುಡ್ಡದಲ್ಲಿರುವುದು ಮುರಕಲ್ಲು. ಗದ್ದೆಯಲ್ಲಿ ಪೈರು ಇರುವಾಗ ಮಣ್ಣು ತೆಗೆಯುವ ಹಾಗಿಲ್ಲ. ಸುಗ್ಗಿ ಬೆಳೆ ಕೊಯ್ದು ಗದ್ದೆ ಖಾಲಿಯಾದ ಮೇಲೆ, ನೀರು ಇಳಿದ ಮೇಲೆ, ಮಳೆ ಹನಿಯುವ ಮೊದಲು, ಈ ನಡುವಿನ ಮೂರು ನಾಲ್ಕು ತಿಂಗಳಲ್ಲೇ ಇಡೀ ವರ್ಷದ ಮಣ್ಣು ಅಂಗಳಕ್ಕೆ ಬಂದು ಬೀಳಬೇಕು. ತಂದ ಮಣ್ಣನ್ನು ಕೂಡಲೇ ಮುಟ್ಟುವುದಿಲ್ಲ. ರಾಶಿ ಹಾಕಿ ಹುಳಿಯಲು ಬಿಡುತ್ತಾರೆ. ಮಾಡಿದ ಮಡಕೆಯೂ ಅಷ್ಟೇ, ಹಂಚೂ ಅಷ್ಟೇ, ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಬಿಸಿಲಿಗೆ ಇಟ್ಟರೆ ಬಿರಿಯುತ್ತದೆ, ಥಂಡಿಗೆ ಇಟ್ಟರೆ ಒಣಗುವುದೇ ಇಲ್ಲ. ಒಳಗೆ ಹಸಿ ಉಳಿದ ಮಡಕೆ ಬೆಂಕಿಗೆ ಹೋದರೆ ಆ ನೀರು ಆವಿಯಾಗಿ ಮಡಕೆಯನ್ನೇ ಒಡೆದು ಹೊರಗೆ ಬರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಕುಂಬಾರ ಗೇಣಿ ಗದ್ದೆಗೋ ಕೂಲಿಗೋ ಹೋಗುತ್ತಿದ್ದ. ಕಾರ್ಖಾನೆಗಳಿಗೆ ದೊಡ್ಡ ಶೆಡ್ಡು ಇದ್ದುದರಿಂದ ಅವು ಮಳೆಗಾಲದಲ್ಲೂ ನಡೆಯುತ್ತಿದ್ದವು, ಆದರೆ ಕುಂಟುತ್ತ.

ಇನ್ನು ಎಲ್ಲಿಗೆ ಎಂಬ ಪ್ರಶ್ನೆ. ಶುರು ಮಾಡುವುದಾದರೆ ಪಾಣೆಮಂಗಳೂರಿನಿಂದ ಮಾಡಿ. ಬಿ.ಸಿ. ರೋಡಿನಲ್ಲಿ ಇಳಿದು ನೇತ್ರಾವತಿ ದಾಟಿದರೆ ಪಾಣೆಮಂಗಳೂರು. ಹೊಸ ಸೇತುವೆ ಬೇಡ, ಹಳೆಯದರ ಕಡೆಗೆ ಹೋಗಿ ನಿಂತು ಹೊಳೆ ನೋಡಿ. ಹಂಚಿನ ಕಾರ್ಖಾನೆಗಳು ಯಾಕೆ ಹೊಳೆ ಹಿಡಿದು ಕೂತವು ಎಂಬುದು ಅಲ್ಲಿ ತಾನಾಗಿ ತಿಳಿಯುತ್ತದೆ. ಮಣ್ಣು ದೋಣಿಯಲ್ಲಿ ಬರಬೇಕು, ಸೌದೆ ಮೇಲಿನ ಕಾಡಿನಿಂದ ಇಳಿಯಬೇಕು, ಸುಟ್ಟ ಹಂಚು ದೋಣಿಯಲ್ಲೇ ಮಂಗಳೂರು ಬಂದರಿಗೆ ಹೋಗಿ ಹಡಗು ಹತ್ತಬೇಕು. ಎತ್ತಿನ ಗಾಡಿಯಲ್ಲಿ ಕುಲುಕಿಕೊಂಡು ಹೋದರೆ ಅರ್ಧ ಹಂಚು ದಾರಿಯಲ್ಲೇ ಚೂರು. ಆಲ್ಬುಕರ್ಕ್ ಮನೆತನದವರು 1868ರಲ್ಲಿ ಹಂಚಿನ ಕೆಲಸ ಶುರು ಮಾಡಿದ್ದು ಇದೇ ಪಾಣೆಮಂಗಳೂರಿನ ದಂಡೆಯಲ್ಲಿ. ಅದಕ್ಕೆ ಮೂರೇ ವರ್ಷ ಮುಂಚೆ, 1865ರಲ್ಲಿ, ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ತಮ್ಮ ಕಾರ್ಖಾನೆ ತೆರೆದಿದ್ದರು.

ಆ ಕಥೆಯನ್ನು ಮಕ್ಕಳಿಗೆ ಕಾರಿನಲ್ಲೇ ಹೇಳಿ ಮುಗಿಸಿ. ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರು ಜಾತಿಯನ್ನೂ ಜಾತಿಯ ಜತೆಗಿದ್ದ ಕಸುಬನ್ನೂ ಕಳೆದುಕೊಂಡರು. ಅವರಿಗೆ ಅನ್ನದ ದಾರಿ ಮಾಡಬೇಕಾಯಿತು. ಮೊದಲು ಮುದ್ರಣಾಲಯ, ನೇಯ್ಗೆ, ಆಮೇಲೆ ಹಂಚು. ಹಂಚಿನ ಕೆಲಸ ಹುಟ್ಟುಹಾಕಿದ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿಗೆ ಬಂದದ್ದು ಮುದ್ರಣದ ಕೆಲಸಕ್ಕೆ. ನಮ್ಮ ಹೊಳೆಗಳ ಮಣ್ಣು ಹಿಡಿದು ಪರೀಕ್ಷೆ ಮಾಡಿದವನು ಅವನು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ ಈ ಹಂಚಿನ ಮಾದರಿ ಮಾತ್ರ ಯೂರೋಪಿನದು. ಫ್ರಾನ್ಸಿನ ಅಲ್ಸಾಸಿನಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದಿದ್ದರು. ಮಾದರಿ ಅವರದು, ಮಣ್ಣು ನೇತ್ರಾವತಿಯದು, ಹೆಸರು ಮಂಗಳೂರಿನದು. ಆ ಹೆಸರಿನಲ್ಲಿ ಹಂಚು ಬರ್ಮಾ, ಸಿಲೋನು, ಪೂರ್ವ ಆಫ್ರಿಕಕ್ಕೆಲ್ಲ ಹೋಯಿತು. ಮಕ್ಕಳಿಗೆ ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅದುವರೆಗೆ ಮಾಡಿಗೆ ನಾಡಹಂಚು ಮಾಡಿ ಕೊಡುತ್ತಿದ್ದವರು ಊರ ಕುಂಬಾರರು. ಮಂಗಳೂರು ಹಂಚು ಹಗುರ, ಕಡಿಮೆ ಮರ ಸಾಕು, ಮಂಗ ಓಡಿದರೂ ಅಷ್ಟು ಬೇಗ ಜಾರುವುದಿಲ್ಲ. ನಾಡಹಂಚು ಸೋತಿತು. ಈಗ ಅದೇ ಮಂಗಳೂರು ಹಂಚನ್ನು ಕಾಂಕ್ರೀಟು ತಾರಸಿಯೂ ತಗಡಿನ ಶೀಟೂ ಸೋಲಿಸಿವೆ.

ಕಾರ್ಖಾನೆ ನೋಡುವ ಬಗ್ಗೆ ಸ್ವಲ್ಪ ಬಿಚ್ಚಿ ಹೇಳಬೇಕು. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ನಮ್ಮ ಕಡೆಯ ಹುಡುಗರು ಅಲ್ಲಿಯ ಸ್ಟೋಕ್-ಆನ್-ಟ್ರೆಂಟ್ ನೋಡಿರುತ್ತಾರೆ. ಪಾತ್ರೆ ಮಾಡುವ ವೆಜ್‌ವುಡ್ 1759ರಲ್ಲಿ ತನ್ನ ಕೆಲಸ ಶುರು ಮಾಡಿದ ಸೀಮೆ ಅದು. ಆನ್‌ಲೈನಿನಲ್ಲಿ ಟಿಕೆಟು ತೆಗೆದು, ಹೇಳಿದ ಗಂಟೆಗೆ ಹೋಗಿ, ವಿವರಿಸುವವರ ಹಿಂದೆ ನಡೆದು, ಕೊನೆಗೆ ಚಹಾ ಕುಡಿದು, ಸಣ್ಣ ಊನ ಇರುವ ತಟ್ಟೆಗಳನ್ನು ಕಡಿಮೆ ಬೆಲೆಗೆ ಕೊಂಡು ಬರುವ ವ್ಯವಸ್ಥೆ ಅಲ್ಲಿ ಉಂಟು. ಅಲ್ಲಿಯವರ ಬುದ್ಧಿಯನ್ನು ಮೆಚ್ಚಬೇಕು. ಲಾಂಗ್‌ಟನ್ನಿನಲ್ಲಿ ಮುಚ್ಚಿಹೋಗಿದ್ದ ಗ್ಲಾಡ್‌ಸ್ಟನ್ ಎಂಬ ಹಳೆ ಕಾರ್ಖಾನೆಯನ್ನು ಇನ್ನೇನು ಕೆಡವಬೇಕು ಎನ್ನುವಾಗ ಉಳಿಸಿಕೊಂಡು, 1970ರ ದಶಕದಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ಬಾಟಲಿಯ ಆಕಾರದ ಅದರ ಭಟ್ಟಿಗಳು ಇವತ್ತೂ ನಿಂತಿವೆ. 1888ರ ಮಿಡಲ್‌ಪೋರ್ಟ್ ಕಾರ್ಖಾನೆಯಲ್ಲಿ ಈಗಲೂ ಪಾತ್ರೆ ತಯಾರಾಗುತ್ತದೆ, ಜನ ನೋಡಲೂ ಹೋಗುತ್ತಾರೆ. ಆ ಊರಿನ ಕಥೆಗೂ ನಮ್ಮದಕ್ಕೂ ಒಂದು ಸಾಮ್ಯ ಉಂಟು. ಅವರ ನೆಲದಲ್ಲಿ ಕಲ್ಲಿದ್ದಲು ಇತ್ತು, ಬಿಳಿ ಜೇಡಿ ಇರಲಿಲ್ಲ. ಅದು ದೂರದ ಕಾರ್ನ್‌ವಾಲಿನಿಂದ ಬರಬೇಕು, ಒಡೆಯುವ ಪಾತ್ರೆ ಒಡೆಯದೆ ಬಂದರು ಸೇರಬೇಕು. ಅದಕ್ಕೆಂದೇ ವೆಜ್‌ವುಡ್ ಓಡಾಡಿ ಕಾಲುವೆ ತೋಡಿಸಿದ. 1777ರಲ್ಲಿ ಅದು ಪೂರ್ತಿಯಾಯಿತು. ನಮಗೆ ತೋಡುವ ಕೆಲಸ ಇರಲಿಲ್ಲ, ನೇತ್ರಾವತಿ ಇದ್ದಳು.

ಆದರೆ ಇಲ್ಲಿ ಟಿಕೆಟು ಕೌಂಟರು ಹುಡುಕಬೇಡಿ. ಜಿಲ್ಲೆಯಲ್ಲಿ ಇನ್ನೂ ಹೊಗೆ ಆಡುವ ಹಂಚಿನ ಕಾರ್ಖಾನೆಗಳು ಬೆರಳೆಣಿಕೆಯಷ್ಟು. ಕಳೆದ ವರ್ಷ ನಡೆಯುತ್ತಿದ್ದದ್ದು ಈ ವರ್ಷ ಗೋದಾಮು ಆಗಿರಬಹುದು. ಆದ್ದರಿಂದ ಊರಿನಲ್ಲಿರುವ ಯಾರಾದರೊಬ್ಬರ ಮೂಲಕ ಮೊದಲೇ ವಿಚಾರಿಸಿ, ಮ್ಯಾನೇಜರ ಹತ್ತಿರ ಮಾತಾಡಿ, ಎಷ್ಟು ಜನ, ಎಷ್ಟು ಹೊತ್ತು ಎಂದು ಹೇಳಿ. ಅವರಿಗೆ ನಿಮ್ಮಿಂದ ಮೂರು ಕಾಸಿನ ಲಾಭವಿಲ್ಲ. ಒಳಗೆ ಬಿಡುವುದು ಮರ್ಯಾದೆಗೆ. ಭಾನುವಾರ ಹೋಗಬೇಡಿ, ಊಟದ ಹೊತ್ತಿಗೂ ಹೋಗಬೇಡಿ. ಬೆಳಗ್ಗೆ ಒಂಬತ್ತೂವರೆ ಹತ್ತಕ್ಕೆ ಕೆಲಸ ಚೆನ್ನಾಗಿ ಏರಿರುತ್ತದೆ.

ಮಕ್ಕಳ ಕಾಲಿಗೆ ಮುಚ್ಚಿದ ಚಪ್ಪಲಿಯೋ ಶೂವೋ ಇರಲಿ, ಹವಾಯಿ ಬೇಡ. ಮೈಮೇಲೆ ಜೋತಾಡುವ ಶಾಲು, ದುಪಟ್ಟಾ ಬೇಡ. ಮಣ್ಣು ನಾದುವ ಯಂತ್ರದ ಬೆಲ್ಟು, ಹಂಚು ಒತ್ತುವ ಪ್ರೆಸ್ಸು ಯಾವ ಮಗುವನ್ನೂ ಗುರುತು ಹಿಡಿಯುವುದಿಲ್ಲ. ಪ್ರೆಸ್ಸಿನ ಹತ್ತಿರ ನಿಂತು ನೋಡಿ, ಮಾತಾಡಿಸಬೇಡಿ. ಲೆಕ್ಕದ ಮೇಲೆ ಕೂಲಿ ಪಡೆಯುವವರು ಅಲ್ಲಿ ಇರುತ್ತಾರೆ, ನಿಮ್ಮ ಒಂದು ಪ್ರಶ್ನೆಗೆ ಅವರ ನಾಲ್ಕು ಹಂಚು ಹೋಗುತ್ತದೆ. ಪ್ರಶ್ನೆ ಇದ್ದರೆ ಒಣಗಲು ಇಡುವ ಕಡೆ ಕೇಳಿ, ಅಲ್ಲಿ ಸ್ವಲ್ಪ ಬಿಡುವು ಇರುತ್ತದೆ. ಮತ್ತೆ ಒಂದು ಮಾತು, ಇದನ್ನು ಮಕ್ಕಳಿಗೆ ಎರಡು ಸಲ ಹೇಳಿ. ಹಸಿ ಹಂಚನ್ನು ಮುಟ್ಟಬಾರದು. ಬೆರಳಿನ ಗುರುತು ಬಿದ್ದರೆ ಅದು ಸುಟ್ಟು ಗಟ್ಟಿಯಾಗಿ ನೂರು ವರ್ಷ ಯಾರದೋ ಮಾಡಿನ ಮೇಲೆ ಇರುತ್ತದೆ. ಹಳೆ ಹಂಚುಗಳಲ್ಲಿ ನಾಯಿಯ ಹೆಜ್ಜೆ, ಕಾಗೆಯ ಹೆಜ್ಜೆ ಸಿಗುವುದು ಹೀಗೆ.

ಭಟ್ಟಿಯ ಹತ್ತಿರ ತುಸು ಹೆಚ್ಚು ಹೊತ್ತು ನಿಲ್ಲಿ. ಸಾಲು ಕೋಣೆಗಳ ಭಟ್ಟಿಯಾದರೆ ಒಂದು ಕೋಣೆಯಲ್ಲಿ ಬೆಂಕಿ, ಮುಂದಿನದರಲ್ಲಿ ಅದರ ಬಿಸಿಗಾಳಿಗೆ ಕಾಯುತ್ತಿರುವ ಹಸಿ ಹಂಚು, ಹಿಂದಿನದರಲ್ಲಿ ತಣಿಯುತ್ತಿರುವ ಸುಟ್ಟ ಹಂಚು. ಬೆಂಕಿ ಆರುವುದೇ ಇಲ್ಲ, ಕೋಣೆಯಿಂದ ಕೋಣೆಗೆ ನಡೆಯುತ್ತ ಹೋಗುತ್ತದೆ. ಹೊರಗೆ ಒಂದು ಪೈಸೆಯ ಬಿಸಿಯೂ ದಂಡ ಆಗಬಾರದೆಂದು ಜರ್ಮನಿಯ ಹಾಫ್‌ಮನ್ ಮಾಡಿದ ಉಪಾಯ ಅದು. ಎಂಟುನೂರು, ಒಂಬೈನೂರು ಡಿಗ್ರಿ ಸೆಂಟಿಗ್ರೇಡಿನ ಬೆಂಕಿಯಲ್ಲಿ ಮಣ್ಣಿನೊಳಗಿನ ಕಬ್ಬಿಣ ಕೆಂಪಾಗುತ್ತದೆ. ಹಂಚಿನ ಬಣ್ಣ ಅದೇ, ಬಳಿದದ್ದಲ್ಲ.

ಮಕ್ಕಳಲ್ಲಿ ಯಾರಾದರೂ, ಇದೇ ಮಣ್ಣಿನಲ್ಲಿ ಪಿಂಗಾಣಿ ಕಪ್ಪು ಯಾಕೆ ಮಾಡುವುದಿಲ್ಲ ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಇಟ್ಟುಕೊಂಡಿರಿ. ಪಿಂಗಾಣಿಗೆ ಕಬ್ಬಿಣವಿಲ್ಲದ ಬಿಳಿ ಜೇಡಿ ಬೇಕು, ಬೆಂಕಿಯೂ ಸಾವಿರದ ಇನ್ನೂರು ಡಿಗ್ರಿಗೆ ಮೇಲೆ ಬೇಕು. ಆ ಕಾವಿಗೆ ನಮ್ಮ ಕೆಂಪು ಮಣ್ಣು ಸೊಟ್ಟಗಾಗಿ ಕರಗಿ ಕೂರುತ್ತದೆ. ಇಂಗ್ಲೆಂಡಿನವರ ಬೋನ್ ಚೈನಾದಲ್ಲಂತೂ ಹೆಚ್ಚುಕಡಿಮೆ ಅರ್ಧದಷ್ಟು ದನದ ಮೂಳೆಯ ಬೂದಿ. ಮೂಡುಬಿದಿರೆಯ ಜೈನರ ಮನೆಗೆ ಉಡುಗೊರೆಗೆಂದು ಅಂಥ ಕಪ್ಪಿನ ಸೆಟ್ಟು ಹೊತ್ತು ತರುವವರಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ಬಿ.ಸಿ. ರೋಡಿನಲ್ಲೇ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಉಂಟು. ಇತಿಹಾಸದ ಮೇಷ್ಟ್ರಾಗಿದ್ದ ತುಕಾರಾಮ ಪೂಜಾರಿಯವರು ಕಟ್ಟಿದ್ದು. ತುಳುವರು ಮನೆಯಲ್ಲಿ ಬಳಸುತ್ತಿದ್ದ ಹಳೆ ಸಾಮಾನುಗಳನ್ನು ಊರೂರು ಸುತ್ತಿ ಕೂಡಿಹಾಕಿದ್ದಾರೆ. ಕುಂಬಾರರ ಮನೆಗೆ ಹೋಗುವ ಮೊದಲು ಮಕ್ಕಳನ್ನು ಇಲ್ಲಿಗೆ ಕರೆದುಕೊಂಡು ಹೋಗಿ, ಪಾತ್ರೆ ಮಾಡುವುದನ್ನು ನೋಡುವ ಮೊದಲು ಅದು ಯಾವುದಕ್ಕೆ ಎಂದು ತಿಳಿಯಲಿ. ಹತ್ತಿರದಲ್ಲೇ ಪೊಳಲಿ. ರಾಜರಾಜೇಶ್ವರಿಯದು ಮಣ್ಣಿನ ಮೂರ್ತಿ ಎಂಬುದನ್ನು ಎಷ್ಟೋ ಜನ ಕೈಮುಗಿದು ಬಂದ ಮೇಲೂ ಗಮನಿಸಿರುವುದಿಲ್ಲ. ಮಾರ್ಚ್ ನಡುವಿನಿಂದ ಅಲ್ಲಿ ಸುಮಾರು ಒಂದು ತಿಂಗಳು ಜಾತ್ರೆ. ಎಷ್ಟು ದಿನ ಎಂಬುದು ಕೊಡಿ (ಧ್ವಜ) ಏರಿದ ಮೇಲೆಯೇ ಗೊತ್ತಾಗುವುದು, ಪ್ರತಿ ವರ್ಷ ಒಂದೇ ಲೆಕ್ಕವಿಲ್ಲ. ಜಾತ್ರೆಯ ಚೆಂಡಾಟದ ದಿನ ಹೋದರೆ ನೂಕುನುಗ್ಗಲು. ಚೆಂಡು ನೋಡಬೇಕೆಂದಿಲ್ಲದವರು ಬೇರೆ ದಿನ ಹೋಗಿ ದರ್ಶನ ಮಾಡಿ, ಒಂದು ಬಚ್ಚಂಗಾಯಿ (ಕಲ್ಲಂಗಡಿ) ತಂದರಾಯಿತು.

ಕುಂಬಾರರ ಮನೆಯ ವಿಷಯ ಕಾರ್ಖಾನೆಯ ಹಾಗಲ್ಲ. ಅದು ಅವರ ಮನೆ. ಬಂಟ್ವಾಳ, ಬೆಳ್ತಂಗಡಿ ಎರಡೂ ತಾಲೂಕಿನಲ್ಲಿ ಕುಲಾಲರ, ಅಂದರೆ ಕುಂಬಾರ ಸಮುದಾಯದವರ, ಮನೆಗಳು ಬೇಕಾದಷ್ಟು ಇವೆ, ಚಕ್ರ ತಿರುಗುವ ಮನೆಗಳು ಕಡಿಮೆ. ಮಕ್ಕಳು ಬ್ಯಾಂಕಿನಲ್ಲೋ ಗಲ್ಫಿನಲ್ಲೋ ಇದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. 'ಅಯ್ಯೋ, ಈ ಕಲೆ ಬಿಡಬಾರದಿತ್ತು' ಎಂದು ಅವರ ಜಗಲಿಯಲ್ಲಿ ಕೂತು ಉಪದೇಶ ಮಾಡಬೇಡಿ. ನಿಮ್ಮ ಅಜ್ಜ ಉಳುತ್ತಿದ್ದ ಗದ್ದೆಯನ್ನು ನೀವೂ ಬಿಟ್ಟವರೇ. ಮೊದಲು ಹೇಳಿ ಹೋಗಿ. ಹಿರಿಯ ಹೆಂಗಸರಿದ್ದರೆ ಅಮ್ಮ ಎನ್ನಿ, ನಿಮಗಿಂತ ದೊಡ್ಡ ಗಂಡಸರನ್ನು ಅಣ್ಣ ಎನ್ನಿ, ತುಳು ಬರುತ್ತಿದ್ದರೆ ತುಳುವಿನಲ್ಲೇ ಮಾತಾಡಿ. ಹೆಂಗಸರನ್ನು ಮಾತಾಡಿಸಲು ಮರೆಯಬೇಡಿ. ಚಕ್ರದ ಮುಂದೆ ಕೂತವನ ಫೋಟೋ ಎಲ್ಲರೂ ತೆಗೆಯುತ್ತಾರೆ, ಆದರೆ ಮಣ್ಣು ಆರಿಸಿ ಕಲ್ಲು ತೆಗೆದು ತುಳಿದು ಹದ ಮಾಡುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಅವರ ಕೈ ಇರುತ್ತದೆ. ಹಿಂದೆ ಹೆಡಿಗೆಯಲ್ಲಿ ಮಡಕೆ ಹೊತ್ತು ಮನೆ ಮನೆಗೆ ಬಂದು ಭತ್ತಕ್ಕೆ ಬದಲು ಕೊಟ್ಟು ಹೋಗುತ್ತಿದ್ದವರೂ ಅವರೇ.

ನೋಡಲೇಬೇಕಾದ್ದು ಚಕ್ರದ ಕೆಲಸ ಮುಗಿದ ಮೇಲಿನದು. ಚಕ್ರದಿಂದ ಇಳಿದಾಗ ಮಡಕೆ ದಪ್ಪ ದಪ್ಪ, ಬುಡ ಸರಿಯಾಗಿ ಕೂಡಿರುವುದಿಲ್ಲ. ಸ್ವಲ್ಪ ಬಲಿತ ಮೇಲೆ ಒಳಗೆ ಒಂದು ಉರುಟು ಕಲ್ಲು ಒತ್ತಿ ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ಬುಡ ಮುಚ್ಚುತ್ತಾರೆ, ಮೈ ತೆಳುವಾಗುತ್ತದೆ, ಹೊಟ್ಟೆ ಉಬ್ಬುತ್ತದೆ. ಚಕ್ರ ತಿರುಗಿಸಲು ಕಲಿತವರು ಬೆಂಗಳೂರಿನ ಪಾಟರಿ ಟೌನಿನಲ್ಲೂ ಸಿಗುತ್ತಾರೆ, ವಾರಾಂತ್ಯದ ತರಗತಿಗಳಲ್ಲೂ ಸಿಗುತ್ತಾರೆ. ಈ ತಟ್ಟುವ ಕೈ ಸುಲಭಕ್ಕೆ ಬರುವುದಲ್ಲ. ಆವಿಗೆಗೆ ಬೆಂಕಿ ಹಾಕುವ ದಿನ ಸಿಕ್ಕಿದರೆ ನಿಮ್ಮ ಅದೃಷ್ಟ. ಅದಕ್ಕಾಗಿ ಅವರನ್ನು ಒತ್ತಾಯ ಮಾಡಬೇಡಿ. ಮಡಕೆ ತುಂಬುವಷ್ಟು ಆದಾಗ, ಗಾಳಿ ನೋಡಿ, ದಿನ ನೋಡಿ ಹಾಕುತ್ತಾರೆ.

ಚಕ್ರ ನಡೆಯುವ ಮನೆ ಸಿಗದಿದ್ದರೆ ಪುತ್ತೂರಿನಲ್ಲಿ ಕುಂಬಾರರ ಗುಡಿಕೈಗಾರಿಕಾ ಸಹಕಾರ ಸಂಘ ಉಂಟು, ಅಲ್ಲಿ ಕೇಳಿ. ಮಂಗಳೂರಿನಿಂದ ಮೂಡುಬಿದಿರೆ ದಾರಿಯಲ್ಲಿ ವಾಮಂಜೂರಿನ ಹತ್ತಿರ ಪಿಲಿಕುಳದ ಕುಶಲಕರ್ಮಿಗಳ ಗ್ರಾಮದಲ್ಲೂ ಮಣ್ಣಿನ ಕೆಲಸ ತೋರಿಸುವ ಏರ್ಪಾಡು ಉಂಟು. ಸಣ್ಣ ಮಕ್ಕಳಿದ್ದರೆ ಅದೇ ಅನುಕೂಲ.

ಬೆಳ್ತಂಗಡಿ ಕಡೆಗೆ ಹೋದಾಗ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವನ್ನು ಹೇಗೂ ನೋಡುತ್ತೀರಿ. ಅದಕ್ಕೆ ಮೊದಲು ಉಜಿರೆಯಿಂದ ಒಳಗೆ ನಡ ಗ್ರಾಮದ ಸುರ್ಯಕ್ಕೆ ಹೋಗಿ. ಈ ಪ್ರವಾಸದಲ್ಲಿ ಒಂದೇ ಕಡೆ ಹೋಗಲು ಸಮಯವಿದೆ ಎಂದರೆ ನಾನು ಇದನ್ನೇ ಹೇಳುತ್ತೇನೆ. ಅಲ್ಲಿಯ ಸದಾಶಿವ ರುದ್ರನಿಗೆ ಮಣ್ಣಿನ ಹರಕೆ. ಮಗು ಬೇಕೆಂದವರು ಮಣ್ಣಿನ ಮಗು, ಮನೆ ಕಟ್ಟಬೇಕೆಂದವರು ಮಣ್ಣಿನ ಮನೆ, ಕೈಕಾಲು ನೋವಿದ್ದವರು ಮಣ್ಣಿನ ಕೈಕಾಲು ಒಪ್ಪಿಸುತ್ತಾರೆ. ಒಪ್ಪಿಸಿದ ಬೊಂಬೆಗಳೆಲ್ಲ ಹರಕೆ ಬನದಲ್ಲಿ ಮರಗಳ ಬುಡದಲ್ಲಿ ರಾಶಿ ರಾಶಿಯಾಗಿ ಮಳೆಗೆ ಬಿಸಿಲಿಗೆ ಬಿದ್ದುಕೊಂಡಿವೆ. ಹಳೆಯವು ಪಾಚಿ ಹಿಡಿದು ನೆಲ ಸೇರುತ್ತ, ಅವುಗಳ ಮೇಲೆ ಹೊಸವು. ಜನ ಏನನ್ನು ಬೇಡುತ್ತಾರೆ ಎಂಬುದು ಕಾಲಕಾಲಕ್ಕೆ ಹೇಗೆ ಬದಲಾಗಿದೆ ಎಂದು ಅಲ್ಲಿ ಒಂದು ಸುತ್ತು ಬಂದರೆ ತಿಳಿಯುತ್ತದೆ. ದಯಮಾಡಿ ಅಲ್ಲಿಂದ ಒಂದು ಬೊಂಬೆಯನ್ನೂ ನೆನಪಿಗೆಂದು ಎತ್ತಿಕೊಂಡು ಬರಬೇಡಿ. ಅದು ಇನ್ನೊಬ್ಬರ ಕಷ್ಟ.

ಗುರುವಾಯನಕೆರೆ, ವೇಣೂರು ದಾರಿಯಾಗಿ ಮೂಡುಬಿದಿರೆಗೆ ಬಂದರೆ ನೋಡುವುದೆಲ್ಲ ಕಲ್ಲು. ವೇಣೂರಿನ ಗೊಮ್ಮಟ 1604ರದು, ಸಾವಿರ ಕಂಬದ ಬಸದಿ 1430ರದು. ಹಂಚು ಹುಡುಕುವವರು ಪೇಟೆಯ ಹಳೆ ಮನೆಗಳ ಕಡೆ ಕಣ್ಣು ಎತ್ತಬೇಕು. ಪರಿಚಯದವರ ಮನೆಯಾದರೆ ಅಟ್ಟ ಹತ್ತಿ, ಟಾರ್ಚು ಹಾಕಿ ಹಂಚಿನ ಒಳಮೈ ನೋಡಿ. ಕಾರ್ಖಾನೆಯ ಹೆಸರು, ಊರು, ಇಸವಿ ಉಬ್ಬಕ್ಷರದಲ್ಲಿ ಇರುತ್ತದೆ, ಕೆಲವದರಲ್ಲಿ ಆನೆಯೋ ನಕ್ಷತ್ರವೋ ಗುರುತು. ಮಕ್ಕಳ ಕೈಗೆ ಕಾಗದ, ಪೆನ್ಸಿಲು ಕೊಟ್ಟು ಉಜ್ಜಿ ಅಚ್ಚು ತೆಗೆಯಲು ಹೇಳಿ, ಒಂದು ಗಂಟೆ ಸದ್ದಿಲ್ಲದೆ ಕೂರುತ್ತಾರೆ. 1865 ಎಂದು ಕಂಡ ಕೂಡಲೇ ಹಂಚು ಅಷ್ಟು ಹಳೆಯದು ಎಂದು ಕುಣಿಯುವವರಿದ್ದಾರೆ. ಅದು ಕಾರ್ಖಾನೆ ಶುರುವಾದ ವರ್ಷ. ಅದೇ ಅಚ್ಚಿನಲ್ಲಿ ಎಷ್ಟೋ ದಶಕ ಹಂಚು ಒತ್ತಿದ್ದಾರೆ.

ಕೊಂಡುಕೊಳ್ಳುವ ವಿಷಯ. ಖಾಲಿ ಕೈಯಲ್ಲಿ ಬರಬೇಡಿ, ಚೌಕಾಸಿಯೂ ಬೇಡ. ಮಾಲ್‌ನಲ್ಲಿ ಇದೇ ಮಡಕೆಗೆ ಹೇಳಿದಷ್ಟು ಕೊಡುವವರು ನೀವು. ಅಲಂಕಾರದ ಹೂಜಿಗಿಂತ ಮೀನು ಸಾರಿಗೆ ಒಂದು ಬಿಸಲೆ, ದೋಸೆಗೆ ಒಂದು ಕಾವಲಿ ತೆಗೆದುಕೊಳ್ಳಿ. ದಿನಾ ಕೈಗೆ ಬರುವ ಪಾತ್ರೆ ಮಾತ್ರ ಮನೆಯಲ್ಲಿ ಉಳಿಯುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಟಣ್ ಎಂದರೆ ಚೆನ್ನಾಗಿ ಬೆಂದದ್ದು, ಬದ್ ಎಂದರೆ ಎಲ್ಲೋ ಸೀಳು. ಬೆಂಕಿಯ ನಾಲಿಗೆ ತಾಗಿ ಅಲ್ಲಲ್ಲಿ ಕಪ್ಪಾಗಿದ್ದರೆ ಅದು ದೋಷ ಅಲ್ಲ. ಕಾರಿನಲ್ಲಿ ಬೈಹುಲ್ಲು ಸುತ್ತಿ, ಬಾಯಿ ಕೆಳಗೆ ಮಾಡಿ ಇಡಿ. ಮನೆಗೆ ತಂದು ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಆಮೇಲೆ ಸಣ್ಣ ಉರಿಯಲ್ಲಿ ಗಂಜಿ ತಿಳಿ ಕುದಿಸಿ. ಮಣ್ಣಿನ ಸಣ್ಣ ರಂಧ್ರಗಳನ್ನು ಆ ಗಂಜಿ ಮುಚ್ಚುತ್ತದೆ. ಕಾವಲಿಗಾದರೆ ತೆಂಗಿನೆಣ್ಣೆ ಸವರಿ ಕಾಯಿಸಿ ತಣಿಸಿ, ಒಂದೆರಡು ದಿನ ಹಾಗೇ ಮಾಡಿ, ಮೊದಲ ದೋಸೆಗಳು ಏಳದಿದ್ದರೆ ಬೈಯಬೇಡಿ. ಖಾಲಿ ಪಾತ್ರೆ ಒಲೆಗೆ ಇಡಬಾರದು, ಬಿಸಿ ಪಾತ್ರೆಗೆ ತಣ್ಣೀರು ಹೊಯ್ಯಬಾರದು, ಸೋಪು ಹಾಕಬಾರದು. ಮೀನಿನದಕ್ಕೆ ಮೀನು ಮಾತ್ರ, ಅದರಲ್ಲಿ ಪಾಯಸ ಮಾಡಲು ಹೋಗಬೇಡಿ.

ಇದೆಲ್ಲ ನೋಡಿ ಬಂದ ಮೇಲೆ ನಿಮ್ಮ ಹಿರಿಯರ ಮನೆ ಕೆಡವುವ ಮಾತು ಮನೆಯಲ್ಲಿ ಬಂದೀತು. ಕೆಡವುವುದು ಬಿಡುವುದು ನಿಮಗೆ ಸೇರಿದ್ದು. ಮಾಡು ಇಳಿಸುವ ದಿನ ಮಾತ್ರ ಗುತ್ತಿಗೆಯವನಿಗೆ ಎಲ್ಲವನ್ನೂ ಒಪ್ಪಿಸಿ ಹೋಗಬೇಡಿ. ಹತ್ತಿರ ನಿಂತು, ಹೆಸರು ಇಸವಿ ಸ್ಪಷ್ಟವಾಗಿರುವ ಹಂಚುಗಳನ್ನು ಕಾರ್ಖಾನೆಗೊಂದರಂತೆ ಆರಿಸಿ ತೆಗೆದಿಡಿ. ತೊಳೆದು, ಯಾವ ಮನೆಯದು, ಯಾವ ಊರಿನದು ಎಂದು ಚೀಟಿ ಬರೆದು, ಊರ ಶಾಲೆಗೋ ಬಿ.ಸಿ. ರೋಡಿನ ಸಂಗ್ರಹಾಲಯಕ್ಕೋ ಕೊಟ್ಟು ಬನ್ನಿ.